“ಅವ್ವ ಬಂದವ್ಳೆ” ಅಂದರೆ ಸುಮ್ಮನಿರಿಸಬೇಡಿ



ಕಳೆದ ತಪಸ್ಸುಕಾಲದಲ್ಲಿ ನಮ್ಮ ಯುವ ಸಂಘದ ನಾಲ್ವರು ತಳಿ ಹತ್ತಿರದ ಒಂದು ಮನೆಗೆ ಜಪಸರ ಹೇಳಲು ಹೋಗಿದ್ದೆವು. ಹಾಸಿಗೆ ಹಿಡಿದಿದ್ದ ಅಜ್ಜಿ ಬಾಗಿಲ ಕಡೆ ನೋಡಿ, “ಅವ್ವ ಬಂದವ್ಳೆ, ಕೂರಕ್ಕೆ ಜಾಗ ಬಿಡ್ರಪ್ಪ” ಅಂದರು. ಅವರ ತಾಯಿ ತೀರಿಕೊಂಡು ಐವತ್ತು ವರ್ಷವಾಗಿತ್ತು. ನಮ್ಮಲ್ಲಿ ಒಬ್ಬರು ನಗು ತಡೆದುಕೊಂಡರು. ಮಿಕ್ಕವರು, “ಯಾರೂ ಇಲ್ಲ ಅಜ್ಜಿ, ಸುಮ್ಮನೆ ಮಲಗಿ” ಎಂದೆವು. ಅಜ್ಜಿ ಗೋಡೆ ಕಡೆ ತಿರುಗಿಕೊಂಡರು. ಆ ವಾರವೇ ತೀರಿಹೋದರು.

ಅವರು ಹಾಗೆ ತಿರುಗಿಕೊಂಡದ್ದು ನಮ್ಮನ್ನು ಬಿಡಲಿಲ್ಲ. ಇದರ ಬಗ್ಗೆ ಹುಡುಕಿ ಓದಿದೆವು. ಅಮೆರಿಕದ ಬಫಲೋದಲ್ಲಿ, ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್ ಒಂದರ ಡಾ. ಕ್ರಿಸ್ಟೋಫರ್ ಕೆರ್ ಮತ್ತು ಸಂಗಡಿಗರು 59 ರೋಗಿಗಳನ್ನು ಮಾತಾಡಿಸಿ 2014ರಲ್ಲಿ ಅಧ್ಯಯನ ಪ್ರಕಟಿಸಿದ್ದಾರೆ. ನೂರಕ್ಕೆ 88 ಮಂದಿಗೆ ಇಂಥ ಕನಸೋ ದರ್ಶನವೋ ಒಮ್ಮೆಯಾದರೂ ಆಗಿತ್ತು. ಸಾವು ಹತ್ತಿರವಾದಂತೆ ತೀರಿಹೋದವರೇ ಹೆಚ್ಚಾಗಿ ಕಾಣುತ್ತಿದ್ದರು. ಹಾಗೆ ಕಂಡಾಗ ರೋಗಿಗಳಿಗೆ ಭಯಕ್ಕಿಂತ ಸಮಾಧಾನವೇ ಹೆಚ್ಚು. ಇದು ಪರಲೋಕಕ್ಕೆ ಪುರಾವೆ ಎಂದು ನಾವು ಹೇಳುತ್ತಿಲ್ಲ, ಬಿಎಸ್ಸಿ ಓದಿದ ಮೇಲೆ ಅಷ್ಟು ಎಚ್ಚರವಾದರೂ ಇರಬೇಕಲ್ಲ! ನಿನ್ನೆ ಸರಿಯಿದ್ದವರು ಇವತ್ತು ಗಾಬರಿಯಿಂದ ಮನೆಯವರನ್ನೇ ಗುರುತಿಸದಿದ್ದರೆ ಅದು ಬೇರೆ ವಿಷಯ. ಸೋಂಕು, ನೀರು ಕಡಿಮೆಯಾದದ್ದು, ಮಾತ್ರೆ, ಯಾವುದೂ ಕಾರಣವಾಗಬಹುದು. ಡಾಕ್ಟರಿಗೆ ತೋರಿಸಲೇಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಹಲವರು ಶಾಲೆಯಲ್ಲಿ ಓದಿದ್ದು ತಮಿಳು, ಇಂಗ್ಲಿಷು. ಕೆಲಸ ಹೊಸೂರಿನ ಕಾರ್ಖಾನೆಗಳಲ್ಲಿ. ಅಜ್ಜಿ ತಾತಂದಿರು ಕೊನೆಗೆ ಮಾತಾಡುವುದು ಅವರ ಚಿಕ್ಕಂದಿನ ಕನ್ನಡ. “ಏನೇನೋ ಬಡಬಡಿಸ್ತಾರೆ” ಎಂದು ನಾವು ತಳ್ಳಿಹಾಕುವುದರಲ್ಲಿ ಅರ್ಧ, ನಮಗೆ ತಿಳಿಯದ ಹಳೇ ಮಾತುಗಳೇ ಇರಬೇಕು.

ಫಾದರ್ ಬಂದರೆ ಹೆದರಿಕೊಳ್ಳುತ್ತಾರೆ ಎಂದು ಉಸಿರು ಎಳೆಯುವವರೆಗೂ ಕಾಯುವ ಮನೆಗಳಿವೆ. ರೋಗಿಗಳ ಅಭ್ಯಂಗ ಸಾಯುವ ಗಳಿಗೆಗೆ ಮಾತ್ರವಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಮಾತು ನಿಂತ ಮೇಲೆ ಕರೆಸಿದರೆ ಅವರು ಮನಸ್ಸು ಬಿಚ್ಚುವುದು ಯಾವಾಗ?

ಈಗ ನಾವು ಜಪಸರ ಮುಗಿದ ಕೂಡಲೇ ಎದ್ದು ಬರುವುದಿಲ್ಲ. “ಯಾರು ಬಂದಿದ್ರು? ಏನಂದ್ರು?” ಎಂದು ಕೇಳುತ್ತೇವೆ. ಹೋದ ತಿಂಗಳು ಒಬ್ಬ ತಾತ, ತಮ್ಮ ಬಂದು ರಾಗಿ ಹೊಲದ ಬದುವಿನಲ್ಲಿ ಕಾಯ್ತಾವ್ನೆ ಎಂದರು. ಚಿಕ್ಕಂದಿನಲ್ಲೇ ತೀರಿಹೋದ ಆ ತಮ್ಮನ ಹೆಸರು ಮೊಮ್ಮಕ್ಕಳಿಗೆ ಗೊತ್ತಾದದ್ದು ಅವತ್ತೇ.