ಲಾಂಚಿಗಾಗಿ ಅಳುವವರಿಗೆ

ನನ್ನ ಗೆಳೆಯರಲ್ಲಿ ತಿರುಗಾಟದ ಹುಚ್ಚಿನವರು ನಾಲ್ಕೈದು ಮಂದಿ ಇದ್ದಾರೆ. ಕೆಲಸ ಬೆಂಗಳೂರಿನಲ್ಲಿ, ಮನಸ್ಸು ಮಲೆನಾಡಿನಲ್ಲಿ. ನಿಮಗೆ ಅತ್ಯಂತ ಪ್ರಿಯವಾದ ಜಾಗ ಯಾವುದು ಎಂದು ಕೇಳಿದರೆ ಅವರಲ್ಲಿ ಇಬ್ಬರಾದರೂ ‘ಸಿಗಂದೂರಿನ ಲಾಂಚ್’ ಎನ್ನುತ್ತಿದ್ದರು. ಗಮನಿಸಿ, ಸಿಗಂದೂರಿನ ಚೌಡೇಶ್ವರಿಯ ಗುಡಿ ಅಲ್ಲ, ಲಾಂಚ್. ಶರಾವತಿಯ ಹಿನ್ನೀರಿನ ಮೇಲೆ ಬಸ್ಸು, ಕಾರು, ಬೈಕು, ಮನುಷ್ಯರು ಎಲ್ಲರನ್ನೂ ಹೊತ್ತುಕೊಂಡು ಈ ದಡದಿಂದ ಆ ದಡಕ್ಕೆ ಸಾಗುತ್ತಿದ್ದ ಆ ಕಬ್ಬಿಣದ ವಾಹನ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆ ಆಯಿತು. ಅದಾಗಿ ಒಂದು ವಾರ ಕಳೆದಿರಲಿಲ್ಲ, ಆ ಇಬ್ಬರಲ್ಲಿ ಒಬ್ಬರು ಫೋನ್ ಮಾಡಿ, ‘ಹೋಯ್ತು ಮಾರಾಯ, ಇನ್ನು ಅಲ್ಲಿಗೆ ಹೋಗೋದರಲ್ಲಿ ಏನಿದೆ ಮಜಾ?’ ಎಂದರು. ದನಿಯಲ್ಲಿ ನಿಜವಾದ ದುಃಖವಿತ್ತು. ಯಾರೋ ಹತ್ತಿರದವರು ತೀರಿಕೊಂಡ ಹಾಗೆ.

ಆ ಹೊತ್ತಿನಲ್ಲಿ ನಾನು ‘ಹೌದು’ ಎಂದೆನೋ, ಬರೀ ಹೂಂಗುಟ್ಟಿದೆನೋ ನೆನಪಿಲ್ಲ. ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಈ ಬರಹ ಆ ಸಿಟ್ಟಿನದು. ಲಾಂಚಿನ ಬಗ್ಗೆ ಮಾತಾಡಲು ನನಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದಾದ್ದರಿಂದ ಮೊದಲು ನನ್ನ ಕತೆಯನ್ನು ಹೇಳಿಬಿಡುತ್ತೇನೆ.

ನನ್ನ ಅಪ್ಪ ಶಿವಮೊಗ್ಗದಲ್ಲಿ ಮೇಷ್ಟರಾಗಿದ್ದರು. ಅವರ ಅಕ್ಕನನ್ನು, ಅಂದರೆ ನನ್ನ ಅತ್ತೆಯನ್ನು, ತುಮರಿಯ ಕಡೆಗೆ ಕೊಟ್ಟಿತ್ತು. 1983ರ ದಸರಾ ರಜೆಯಲ್ಲಿ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ನನಗೆ ಆಗ ಹತ್ತು ವರ್ಷ. ಸಾಗರಕ್ಕೆ ಒಂದು ಬಸ್ಸು, ಅಲ್ಲಿಂದ ಹೊಳೆಬಾಗಿಲಿಗೆ ಇನ್ನೊಂದು. ಬಸ್ಸು ಇಳಿದು ಕೆಳಗೆ ನೋಡುತ್ತೇನೆ, ಕಣ್ಣು ಹೋದಷ್ಟು ದೂರ ನೀರು. ಮಳೆಗಾಲ ಮುಗಿದು ತುಂಬಿ ನಿಂತ ನೀರು, ನಡುನಡುವೆ ಹಸಿರು ಗುಡ್ಡದ ನೆತ್ತಿಗಳು, ಮೇಲೆ ಬಿಳಿ ಮೋಡ. ಸಮುದ್ರವನ್ನು ನೋಡಿರದ ನನಗೆ ಅದೇ ಸಮುದ್ರ. ಲಾಂಚಿನ ಡೀಸೆಲ್ ವಾಸನೆ, ಎಂಜಿನ್ನಿನ ಸದ್ದಿಗೆ ಕಾಲಡಿಯ ಹಲಗೆ ನಡುಗುತ್ತಿದ್ದದ್ದು, ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಲ್ಲಿದ್ದ ಕೋಳಿ, ಎಲ್ಲವೂ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಕಂಬಿ ಹಿಡಿದು ನೀರನ್ನೇ ನೋಡುತ್ತ ನಿಂತಿದ್ದೆ. ಅಪ್ಪ ಮಾತ್ರ ನೀರಿಗೆ ಬೆನ್ನು ಹಾಕಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆಚೆ ದಡ ಬರುವವರೆಗೂ ಕೂತೇ ಇದ್ದರು. ‘ಅಪ್ಪಾ, ನೋಡು ನೋಡು’ ಎಂದು ಎರಡು ಸಲ ಕರೆದೆ. ‘ನೋಡಿದ್ದೇನೆ’ ಎಂದರು.

ಆ ಮಾತು ಅರ್ಥವಾಗಲು ನನಗೆ ಎಂಟು ಹತ್ತು ವರ್ಷ ಬೇಕಾಯಿತು. ಕಾಲೇಜಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ನೀರು ಬಹಳ ಕೆಳಗೆ ಇಳಿದಿತ್ತು. ಒಂದು ಸಂಜೆ ಅತ್ತೆ ನನ್ನನ್ನು ಬಿರುಕು ಬಿಟ್ಟ ಕೆಸರಿನ ಮೇಲೆ ನಡೆಸಿಕೊಂಡು ಹೊರಟರು. ಸುತ್ತಲೂ ಕಪ್ಪಗಾದ ಮರದ ಬೊಡ್ಡೆಗಳು. ಒಂದು ಕಡೆ ಕಲ್ಲಿನ ತಳಪಾಯದ ಗೆರೆ, ಹೆಂಚಿನ ಚೂರುಗಳು. ‘ಅಲ್ಲೇ ನಂಗಳ ಬಾವಿ ಇದ್ದಿತ್ತು ಮಾಣಿ’ ಎಂದು ಒಂದು ಗುಂಡಿಯನ್ನು ತೋರಿಸಿದರು. ಅದು ಅವರು ಮದುವೆಯಾಗಿ ಬಂದ ಮನೆ. ಅಪ್ಪ ಹುಡುಗನಾಗಿದ್ದಾಗ ಅಕ್ಕನ ಮನೆಗೆಂದು ಅಡಕೆ ತೋಟದ ನಡುವೆ ನಡೆದು ಬರುತ್ತಿದ್ದದ್ದು ಆ ಮನೆಗೇ. ಅತ್ತೆ ಒಂದು ಹೆಂಚಿನ ಚೂರನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಟ್ಟರು. ನಾವು ಕತ್ತಲಾಗುವ ಮೊದಲು ಮನೆಗೆ ಮರಳಿದೆವು.

ಇನ್ನು ಸ್ವಲ್ಪ ಇತಿಹಾಸ. ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸಲು 1948ರಲ್ಲಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಆಯಿತು. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ ಆಯಿತು. ಹೊಸ ಅಣೆಕಟ್ಟಿನ ನೀರು ಎಷ್ಟು ದೊಡ್ಡದೆಂದರೆ ಹಳೆಯ ಅಣೆಕಟ್ಟನ್ನೇ ನುಂಗಿಬಿಟ್ಟಿತು. ಈಗಲೂ ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆದ್ದು ಕಾಣುತ್ತದೆ, ಜನ ಹೋಗಿ ಫೋಟೋ ಹೊಡೆದುಕೊಂಡು ಬರುತ್ತಾರೆ. ಒಂದು ಅಣೆಕಟ್ಟೇ ಮುಳುಗಿದ ಮೇಲೆ ಮನೆ, ತೋಟ, ಗದ್ದೆ, ದೇವರ ಬನಗಳ ಮಾತೇನು? ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲಿಸುವುದೆಂದು ಗೆರೆ ಎಳೆದರು. ಗೆರೆಯ ಕೆಳಗಿದ್ದವರು ಎದ್ದು ಹೋಗಬೇಕಾಯಿತು. ಗೆರೆಯ ಮೇಲಿದ್ದವರು ಅಲ್ಲೇ ಉಳಿದರು, ಆದರೆ ಅವರ ಊರಿಗೂ ಸಾಗರದ ಪೇಟೆಗೂ ನಡುವೆ ನೀರು ಬಂದು ನಿಂತಿತು. ಆ ನೀರಿನಿಂದ ಶರಾವತಿಯ ವಿದ್ಯುದಾಗಾರ 1035 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದು ನಾಡಿನ ಪೇಟೆಗಳನ್ನೆಲ್ಲ ಬೆಳಗಿಸಿತು. ನಾನು ಶಿವಮೊಗ್ಗದಲ್ಲಿ ವಿದ್ಯುತ್ ದೀಪದ ಕೆಳಗೆ ಓದಿದವನು. ಅತ್ತೆಯ ಮನೆಯಲ್ಲಿ ನಾನು ಕಂಡದ್ದು ಬುಡ್ಡಿದೀಪ.

ಈಗ ನನ್ನ ಗೆಳೆಯರ ದುಃಖಕ್ಕೆ ಬರೋಣ. ಅವರ ವಾದ ಮೂರು ಬಗೆಯದು. ಮೊದಲನೆಯದು, ಲಾಂಚ್ ಆ ಪ್ರದೇಶದ ಗುರುತಾಗಿತ್ತು, ಅದು ಹೋದರೆ ಗುರುತೇ ಹೋದಂತೆ ಎಂಬುದು. ಯಾರ ಗುರುತು? ಆಚೆ ದಡದವರು ಲಾಂಚನ್ನು ಹರಕೆ ಹೊತ್ತು ತಂದುಕೊಂಡದ್ದಲ್ಲ. ದಾರಿ ಮುಳುಗಿತು, ಆದ್ದರಿಂದ ಲಾಂಚ್ ಬಂತು. ಕಾಲು ಮುರಿದವನ ಊರುಗೋಲನ್ನು ನೋಡಿ ‘ಎಷ್ಟು ಚೆನ್ನಾಗಿದೆ, ಇದನ್ನು ಬಿಡಬೇಡ’ ಎಂದು ಹೇಳುವವನನ್ನು ನಾವು ಏನೆಂದು ಕರೆಯುತ್ತೇವೆ? ಸೇತುವೆ ಬೇಕೆಂದು ಅಲ್ಲಿನ ಜನ ದಶಕಗಳ ಕಾಲ ಕೇಳಿದರು, ಹೋರಾಡಿದರು. ಅಣೆಕಟ್ಟು ಮುಗಿದು ಸೇತುವೆ ಆಗಲು ಅರವತ್ತೊಂದು ವರ್ಷ ಹಿಡಿಯಿತು. ಆ ಅರವತ್ತೊಂದು ವರ್ಷದಲ್ಲಿ ನಮ್ಮಂಥ ಪ್ರವಾಸಿಗರು ಅವರ ಜೊತೆ ದನಿಗೂಡಿಸಿದ್ದು ನನಗೆ ಗೊತ್ತಿಲ್ಲ. ಸೇತುವೆಯಾದ ಒಂದೇ ವಾರದಲ್ಲಿ ಅಳುವುದಕ್ಕೆ ಮಾತ್ರ ನಮಗೆ ದನಿ ಬಂತು.

ಎರಡನೆಯ ವಾದ, ಲಾಂಚಿನಲ್ಲಿ ‘ಕಾಯುವ ಸುಖ’ ಇತ್ತು, ಸೇತುವೆಯ ಮೇಲೆ ಅದು ಇಲ್ಲ ಎಂಬುದು. ಇದು ಓದಿದವರ ವಾದ, ಆದ್ದರಿಂದ ಹೆಚ್ಚು ಅಪಾಯದ್ದು. ವರ್ಷಕ್ಕೊಮ್ಮೆ ಕಾಯುವವನಿಗೆ ಕಾಯುವುದು ಸುಖ. ದಿನವೂ ಕಾಯುವವನಿಗೆ ಅದಕ್ಕೆ ಬೇರೆ ಹೆಸರಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸಬೇಕಾದ ವರ್ಷಗಳಿದ್ದವು. ರಜೆ ಬಂದರೆ ದಡದಲ್ಲಿ ಹೊರಗಿನವರ ಕಾರುಗಳ ಸಾಲು, ಆ ಸಾಲಿನ ಹಿಂದೆ ಊರಿನವರು. ನಾವು ಪ್ರೀತಿಸಿದ ಜಾಗಕ್ಕೆ ನಮ್ಮ ಪ್ರೀತಿಯೇ ಒಂದು ಉಪದ್ರವವಾಗಿತ್ತು. ಇನ್ನು ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬೆಳಗಿನವರೆಗೆ ಆಚೆಯವರು ಆಚೆಗೆ, ಈಚೆಯವರು ಈಚೆಗೆ.

1996ರ ಆಷಾಢದ ಒಂದು ರಾತ್ರಿ ನನ್ನ ಮಾವನಿಗೆ ಎದೆನೋವು ಕಾಣಿಸಿತು. ಜೀಪು ಸಿಕ್ಕಿತು. ಹೊಸನಗರದ ಕಡೆಯಿಂದ ಸುತ್ತಿ ಹೋಗುವ ದಾರಿ ಇತ್ತು, ಆದರೆ ಆ ಮಳೆಗೆ ದಾರಿಯ ಮೇಲೆ ಮರ ಬಿದ್ದಿತ್ತು. ಜೀಪನ್ನು ತಿರುಗಿಸಿ ದಡಕ್ಕೆ ತಂದರು. ಆಚೆ ದಡದ ದೀಪ ಕಾಣುತ್ತಿತ್ತಂತೆ. ಅತ್ತೆ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಂಬಳಿಕೊಪ್ಪೆ ಹೊದಿಸಿಕೊಂಡು ಕೂತರು. ಬೆಳಗಿನ ಮೊದಲ ಲಾಂಚ್ ಬಂದಾಗ ಅದರಲ್ಲಿ ದಾಟುವ ಅಗತ್ಯ ಇರಲಿಲ್ಲ. ಇದರಲ್ಲಿ ನಾನು ಯಾರನ್ನೂ ದೂರುತ್ತಿಲ್ಲ. ಲಾಂಚ್ ನಡೆಸುವವರೂ ಮನುಷ್ಯರೇ, ಮಳೆಗಾಲದ ಕಗ್ಗತ್ತಲಲ್ಲಿ ಆ ನೀರಿಗೆ ಇಳಿಯುವುದು ಹುಡುಗಾಟವಲ್ಲ. ದಾರಿ ಇರಲಿಲ್ಲ, ಅಷ್ಟೆ. ಮಾವ ಸಾಗರದ ಆಸ್ಪತ್ರೆ ಸೇರಿದ್ದರೂ ಉಳಿಯುತ್ತಿದ್ದರೋ ಇಲ್ಲವೋ, ಹೇಳಲಾರೆ. ಅತ್ತೆ ತಾವು ಬದುಕಿರುವಷ್ಟು ದಿನ ಆ ‘ಉಳಿಯುತ್ತಿದ್ದರೋ ಏನೋ’ ಎಂಬುದನ್ನು ಬಿಡಲಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನು ಮಾಡಿದ್ದೇನು? ಮಾವ ಹೋಗಿ ಐದಾರು ವರ್ಷಕ್ಕೆ, ಕೆಲಸದ ಜಾಗದ ಗೆಳೆಯರನ್ನು ಕಟ್ಟಿಕೊಂಡು ಅದೇ ಲಾಂಚ್ ಹತ್ತಿದೆ. ‘ನೋಡಿ, ಹೇಗಿದೆ ನಮ್ಮ ಕಡೆ’ ಎಂದು ಕೈ ಚಾಚಿ ತೋರಿಸಿದೆ. ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ನಡುನೀರಿನಲ್ಲಿ ಇರುವಂತೆ ಲೆಕ್ಕ ಹಾಕಿದ್ದೆ. ಅದೇ ಲಾಂಚಿನಲ್ಲಿ ಸಾಗರದಿಂದ ಗೊಬ್ಬರದ ಚೀಲ ತರುತ್ತಿದ್ದ ಅತ್ತೆಯ ಮಗ ಸಿಕ್ಕಿದ. ನಮ್ಮ ಗಲಾಟೆಯನ್ನು ಸ್ವಲ್ಪ ಹೊತ್ತು ನೋಡಿ, ನಗುತ್ತಲೇ ಹೇಳಿದ: ‘ಭಾವ, ನಿಂಗೆ ಇದು ನೋಡ ಜಾಗ. ನಂಗೆ ಇದು ಹೋಪ ದಾರಿ.’ ನಾನೂ ನಕ್ಕೆ. ಆ ನಗೆಯನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮೂರನೆಯ ವಾದ ಗಂಭೀರವಾದದ್ದು, ಅದನ್ನು ತಳ್ಳಿಹಾಕುವವನು ನಾನಲ್ಲ. ಸೇತುವೆಯಾದ್ದರಿಂದ ವಾಹನಗಳು ನುಗ್ಗುತ್ತವೆ, ರೆಸಾರ್ಟುಗಳು ಏಳುತ್ತವೆ, ಪ್ಲಾಸ್ಟಿಕ್ಕು, ಬಾಟಲಿ, ಗದ್ದಲ ಎಲ್ಲ ಕಾಡಿನೊಳಕ್ಕೆ ಬರುತ್ತವೆ ಎಂದು ಅವರು ಹೇಳುತ್ತಾರೆ. ಭಯ ನಿಜ. ಆದರೆ ಆ ರೆಸಾರ್ಟಿನ ಕೋಣೆಯನ್ನು ಕಾದಿರಿಸುವವರು ಯಾರು? ಬಾಟಲಿ ಎಸೆಯುವವರು ಯಾರು? ತುಮರಿಯ ರೈತನೇ? ನಮ್ಮ ಹಾವಳಿಯನ್ನು ತಡೆಯುವುದಕ್ಕೆ ಅವನ ದಾರಿಯನ್ನು ಮುಚ್ಚಿಡಬೇಕು ಎನ್ನುವುದು ಯಾವ ನ್ಯಾಯ? ಕಾಡು ಉಳಿಯಬೇಕು ಎಂದಾದರೆ ಕಟ್ಟಡಗಳಿಗೆ ಕಡಿವಾಣ ಹಾಕಲಿ, ಕಸ ಹಾಕಿದವನಿಗೆ ದಂಡ ಹಾಕಲಿ, ಬರುವ ಕಾರುಗಳಿಗೆ ಮಿತಿ ಹಾಕಲಿ. ನಾನು ಮೊದಲನೆಯವನಾಗಿ ಸಹಿ ಹಾಕುತ್ತೇನೆ. ಬಸುರಿ ಹೆಂಗಸು ಆಸ್ಪತ್ರೆಗೆ ಹೋಗುವ ದಾರಿಯನ್ನು ಕಾಡಿನ ಹೆಸರಿನಲ್ಲಿ ಅಡವಿಡುವುದು ಬೇಡ. ಲಾಂಚಿನ ಮೋಹ ಅಷ್ಟಿದ್ದರೆ ವಿಹಾರಕ್ಕೆ ಒಂದು ಲಾಂಚ್ ಇರಲಿ, ದುಡ್ಡು ಕೊಟ್ಟು ಹತ್ತೋಣ, ಇಳಿಯೋಣ. ವಿಹಾರಕ್ಕೂ ಬದುಕಿಗೂ ನಡುವಣ ವ್ಯತ್ಯಾಸವಾದರೂ ಆಗ ನಮಗೆ ತಿಳಿದೀತು.

ಹಾಗಾದರೆ ನಮ್ಮ ನೆನಪುಗಳಿಗೆ ಬೆಲೆಯೇ ಇಲ್ಲವೇ ಎಂದು ಗೆಳೆಯರು ಕೇಳಬಹುದು. ಇದೆ. ಹತ್ತು ವರ್ಷದ ಹುಡುಗನಾಗಿ ನಾನು ಕಂಡ ಆ ನೀರು ಸುಳ್ಳಲ್ಲ. ಅದರ ಚೆಲುವೂ ಸುಳ್ಳಲ್ಲ. ಆದರೆ ಒಂದು ಊರಿನ ಬಗ್ಗೆ ನಮಗೊಂದು ನೆನಪಿದೆ ಎಂದ ಮಾತ್ರಕ್ಕೆ ಆ ಊರು ನಮ್ಮ ನೆನಪಿನಂತೆಯೇ ನಿಂತಿರಬೇಕು ಎಂಬ ಹಕ್ಕು ನಮಗೆ ಬರುವುದಿಲ್ಲ. ನನಗೊಂದು ನೆನಪಿದ್ದ ಹಾಗೆ ನನ್ನ ಅಪ್ಪನಿಗೂ ಒಂದು ನೆನಪಿತ್ತು, ಅಡಕೆ ತೋಟದ ನಡುವಿನ ಕಾಲುದಾರಿಯದು. ಅದನ್ನು ಉಳಿಸಿಕೊಡಿ ಎಂದು ಅವರು ಯಾರನ್ನು ಕೇಳಬಹುದಿತ್ತು? ಅವರ ನೆನಪನ್ನು ಮುಳುಗಿಸಿದ ನೀರೇ ನನ್ನ ನೆನಪಾಯಿತು.

ಸಾಗರದಲ್ಲೇ ಬಾಳಿದ ನಾ. ಡಿಸೋಜ ಈ ಮುಳುಗಡೆಯ ಜನರ ಬಗ್ಗೆ ಜೀವಮಾನವಿಡೀ ಬರೆದರು. ಅವರ ‘ದ್ವೀಪ’ ಕಾದಂಬರಿಯನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಲನಚಿತ್ರ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಏರುತ್ತಿರುವ ನೀರಿನ ನಡುವೆ ಮನೆ ಬಿಡಲೊಲ್ಲದೆ ಉಳಿದವರ ಕತೆ ಅದು. ಅದನ್ನು ನೋಡಿ ಬಂದ ನನ್ನ ಪರಿಚಿತರೊಬ್ಬರು ಮೊದಲು ಕೇಳಿದ್ದು, ‘ಮಳೆ ಎಷ್ಟು ಚೆನ್ನಾಗಿ ಬಂದಿದೆ ಅಲ್ಲವೇ? ಅದು ಯಾವ ಜಾಗ, ಹೋಗಬಹುದೇ?’ ಎಂದು. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಆರು ತಿಂಗಳು ಹೆಚ್ಚು ಬದುಕಿದ್ದರೆ ಸೇತುವೆಯನ್ನು ನೋಡುತ್ತಿದ್ದರು.

ಸೇತುವೆಯಿಂದ ಎಲ್ಲ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. ಶರಾವತಿಗಾಗಿ ಎದ್ದು ಹೋದ ಎಷ್ಟೋ ಕುಟುಂಬಗಳಿಗೆ, ಅವರನ್ನು ತಂದು ಕೂರಿಸಿದ ನೆಲದ ಹಕ್ಕಿನ ಪ್ರಶ್ನೆ ಅರವತ್ತು ವರ್ಷ ದಾಟಿದರೂ ಬಗೆಹರಿಯದೆ ಉಳಿದಿದೆ. ಅಳುವುದೇ ಆದರೆ ಅದಕ್ಕೆ ಅಳೋಣ. ಪತ್ರ ಬರೆಯುವುದಾದರೆ ಅದರ ಬಗ್ಗೆ ಬರೆಯೋಣ. ಇನ್ನೂ ಒಂದು ಕೆಲಸ ಆಗಬೇಕು. ಸೇತುವೆಯ ಎರಡೂ ತುದಿಗಳಲ್ಲಿ ಒಂದೊಂದು ಕಲ್ಲು ನಿಲ್ಲಿಸಿ, ಆ ನೀರಿನಡಿ ಇರುವ ಊರುಗಳ ಹೆಸರುಗಳನ್ನು ಒಂದೂ ಬಿಡದಂತೆ ಬರೆಯಬೇಕು. ಫೋಟೋ ತೆಗೆಯಲು ಕಾರು ನಿಲ್ಲಿಸುವವರು ಅದನ್ನೂ ಓದಲಿ.

ಈಚೆಗೆ ನಾನು ಆ ಸೇತುವೆಯನ್ನು ದಾಟಿದೆ. ಸುಮಾರು 2.44 ಕಿಲೋಮೀಟರು, ಕಾರಿನಲ್ಲಿ ಕೆಲವೇ ನಿಮಿಷ. ಅತ್ತೆಯ ಮಗ ಪಕ್ಕದಲ್ಲಿದ್ದ. ಅವನಿಗೂ ಈಗ ಮಂಡಿನೋವು, ಸಾಗರದಲ್ಲಿ ವೈದ್ಯರಿಗೆ ತೋರಿಸಿಕೊಂಡು ಮರಳುತ್ತಿದ್ದೆವು. ರಾತ್ರಿ ಒಂಬತ್ತೂವರೆ ದಾಟಿತ್ತು. ಎಡಗಡೆ, ಬಲಗಡೆ ಕಪ್ಪು ನೀರು, ಏನೂ ಕಾಣುತ್ತಿರಲಿಲ್ಲ. ನಡುವೆ ಒಂದು ಕಡೆ ನಿಲ್ಲಿಸೋಣವೇ ಎಂದು ಕೇಳಿದೆ. ‘ಎಂತಕ್ಕೆ?’ ಎಂದ. ‘ಮನೆಗೆ ಹೋಪನ, ಊಟಕ್ಕೆ ಕಾಯ್ತಾ ಇರ್ತ.’

ನಿಲ್ಲಿಸದೆ ಹೋದೆವು.