ಲಿಂಕಿನ್ ಪಾರ್ಕ್ ರ‍್ಯಾಪ್ ಬಿಟ್ಟದ್ದು ತಪ್ಪಾ?

ಲಿಂಕಿನ್ ಪಾರ್ಕ್ ಕೇಳಿದವರಿಗೆ ಒಂದು ಪ್ರಶ್ನೆ. 'ನಂಬ್' ಹಾಡಿನಲ್ಲಿ ಮೈಕ್ ಶಿನೋಡಾ ಎಷ್ಟು ಚರಣ ರ‍್ಯಾಪ್ ಮಾಡ್ತಾನೆ? ಯೂಟ್ಯೂಬ್ ತೆಗೀಬೇಡಿ, ನೆನಪಿನಿಂದ ಹೇಳಿ...

ಒಂದೂ ಇಲ್ಲ! ಚೆಸ್ಟರ್ ಬೆನಿಂಗ್ಟನ್ ಹಾಡ್ತಾ ಹೋದ ಹಾಗೆ ಮೈಕ್ ಹಿಂದಿನಿಂದ ಅಲ್ಲಲ್ಲಿ ಒಂದೆರಡು ಮಾತು ಸೇರಿಸ್ತಾನೆ, ಅಷ್ಟೇ. ನಮ್ಮ ಇಂಜಿನಿಯರಿಂಗ್ ಹಾಸ್ಟೆಲ್ಲುಗಳಲ್ಲಿ ಅತಿ ಹೆಚ್ಚು ಸಲ ಕಿರುಚಿದ ಹಾಡು ಬಹುಶಃ ಇದೇ. ಆದರೂ "2007ರಲ್ಲಿ ರ‍್ಯಾಪ್ ಬಿಟ್ಟರು, ಅಲ್ಲಿಗೆ ಕೆಟ್ಟರು" ಅನ್ನೋ ಮಾತು ಇವತ್ತಿಗೂ ನಿಂತಿಲ್ಲ. ಹುಮನಾಬಾದಿನಲ್ಲಿರೋ ನನ್ನ ಕಾಕಾನ ಮಗ ನನಗಿಂತ ಹತ್ತು ವರ್ಷ ದೊಡ್ಡವನು, ಎಂಪಿ3 ಸಿಡಿ ಕಾಲದವನು. 'ಮಿನಿಟ್ಸ್ ಟು ಮಿಡ್‌ನೈಟ್' ಅಂದ ಕೂಡಲೇ ಮುಖ ಗಂಟು ಹಾಕ್ತಾನೆ. "ಏ ತಮ್ಮಾ, ಅದು ಲಿಂಕಿನ್ ಪಾರ್ಕೇ ಅಲ್ಲ ಬಿಡು. ಅದ್ರಾಗ ರ‍್ಯಾಪ್ ಎಲ್ಲದ?"

ಅಣ್ಣನ ಮೇಲೆ ಗೌರವ ಇಟ್ಟುಕೊಂಡೇ ಈ ಬರಹ :-)

ಮೊದಲು ಸ್ವಲ್ಪ ಇತಿಹಾಸ. 2000ದ ಅಕ್ಟೋಬರಿನಲ್ಲಿ 'ಹೈಬ್ರಿಡ್ ಥಿಯರಿ' ಬಂತು, 2003ರ ಮಾರ್ಚಿನಲ್ಲಿ 'ಮೀಟಿಯೋರಾ'. ಎರಡಕ್ಕೂ ನಿರ್ಮಾಪಕ ಡಾನ್ ಗಿಲ್ಮೋರ್. ಎರಡೂ ನಲವತ್ತು ನಿಮಿಷದೊಳಗೆ ಮುಗಿಯುತ್ತವೆ. ಹಾಡಿನ ಕಟ್ಟಡವೂ ಹೆಚ್ಚು ಕಡಿಮೆ ಒಂದೇ. ತಗ್ಗಿದ ದನಿಯಲ್ಲಿ ಮೈಕ್‌ನ ರ‍್ಯಾಪ್, ಆಮೇಲೆ ಗೋಡೆ ಬಿದ್ದ ಹಾಗೆ ಗಿಟಾರು, ಅದರ ಮೇಲೆ ಚೆಸ್ಟರ್‌ನ ಪಲ್ಲವಿ, ನಡುವೆ ಜೋ ಹಾನ್‌ನ ಡಿಸ್ಕ್ ಗೀರುವ ಸದ್ದು, ಕೊನೆಗೊಂದು ಕಿರುಚಾಟ, ಮತ್ತೆ ಪಲ್ಲವಿ. ಮೂರೂವರೆ ನಿಮಿಷದಲ್ಲಿ ಎಲ್ಲ ಖಲಾಸ್. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ 'ಮೀಟಿಯೋರಾ' ಅನ್ನೋದು ವರ್ಷನ್ 2.0 ಅಲ್ಲ, 1.1. ಬಗ್ ಎಲ್ಲ ತೆಗೆದು, ಪಾಲಿಶ್ ಹಾಕಿ ಬಿಟ್ಟ ರಿಲೀಸ್. ನನಗೆ ಬಹಳ ಇಷ್ಟ, ಆ ಮಾತು ಬೇರೆ.

ಆದರೆ ಆ 1.1ರ ಒಳಗೇ ಹೊರಗೆ ಹೋಗೋ ಬಾಗಿಲು ಇತ್ತು ನೋಡಿ. 'ಡೋಂಟ್ ಸ್ಟೇ'ನಲ್ಲಿ ರ‍್ಯಾಪ್ ಇಲ್ಲ. 'ಬ್ರೇಕಿಂಗ್ ದ ಹ್ಯಾಬಿಟ್'ನಲ್ಲಿ ರ‍್ಯಾಪೂ ಇಲ್ಲ, ಆ ಗೋಡೆ ಬೀಳೋ ಗಿಟಾರೂ ಇಲ್ಲ. ಪಿಟೀಲು, ಯಂತ್ರದ ತಾಳ, ಚೆಸ್ಟರ್ ಒಬ್ಬನೇ. 'ನಂಬ್' ವಿಷಯ ಮೇಲೇ ಹೇಳಿದೆ. ಅಂದರೆ 2007ರಲ್ಲಿ ರಾತ್ರೋರಾತ್ರಿ ಏನೂ ಆಗಲಿಲ್ಲ. ನಾಲ್ಕು ವರ್ಷ ಮೊದಲೇ ಅವರು ಬೇರೆ ದಾರಿ ಹುಡುಕ್ತಿದ್ದರು. ಆ ಹಾಡುಗಳನ್ನು ಬಾಯಿಪಾಠ ಮಾಡಿದ ನಾವೇ ಅದನ್ನು ಗಮನಿಸಲಿಲ್ಲ.

ನಡುವೆ ಇನ್ನೆರಡು ಸಂಗತಿ ನಡೆದವು. 2004ರಲ್ಲಿ ಜೇ-ಜೀ ಜೊತೆ ಸೇರಿ 'ಕೊಲಿಷನ್ ಕೋರ್ಸ್' ಮಾಡಿದರು. ರ‍್ಯಾಪ್ ಮತ್ತು ರಾಕ್ ಬೆರೆಸೋದು ಅಂದರೆ ಇದಕ್ಕಿಂತ ಮುಂದೆ ಎಲ್ಲಿಗೆ ಹೋಗ್ತೀರಿ? ಆ ರಸ್ತೆಯ ಕೊನೇ ಸ್ಟಾಪೇ ಅದು. 2005ರಲ್ಲಿ ಮೈಕ್ 'ಫೋರ್ಟ್ ಮೈನರ್' ಅನ್ನೋ ಹೆಸರಲ್ಲಿ 'ದ ರೈಸಿಂಗ್ ಟೈಡ್' ತಂದ. ಅದರಲ್ಲಿ 'ಕೆಂಜಿ' ಅಂತ ಒಂದು ಹಾಡಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕ ತನ್ನದೇ ಜಪಾನಿ ಮೂಲದ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದ ಕಥೆ, ಮೈಕ್‌ನ ಅಪ್ಪನ ಮನೆತನದ ಕಥೆ. ಇಂಥ ಕಥೆ ಹೇಳಬಲ್ಲವನನ್ನು ಪ್ರತಿ ಹಾಡಲ್ಲೂ ಎರಡು ಚರಣ ಒದರಿ ಪಕ್ಕಕ್ಕೆ ಸರಿ ಅಂತ ನಿಲ್ಲಿಸೋದು ಎಷ್ಟು ದಿನ ನಡೆಯುತ್ತೆ?

ಇರಲಿ, ವಿಷಯಕ್ಕೆ ಬರ್ತೀನಿ. ಮೇ 2007ರಲ್ಲಿ 'ಮಿನಿಟ್ಸ್ ಟು ಮಿಡ್‌ನೈಟ್' ಬಂತು. ಈ ಸಲ ನಿರ್ಮಾಪಕರು ರಿಕ್ ರೂಬಿನ್ ಮತ್ತು ಸ್ವತಃ ಮೈಕ್. ಹನ್ನೆರಡು ಟ್ರ್ಯಾಕು, ರ‍್ಯಾಪ್ ಇರೋದು ಎರಡರಲ್ಲಿ ಮಾತ್ರ: 'ಬ್ಲೀಡ್ ಇಟ್ ಔಟ್', 'ಹ್ಯಾಂಡ್ಸ್ ಹೆಲ್ಡ್ ಹೈ'. 'ಇನ್ ಬಿಟ್ವೀನ್'ನಲ್ಲಿ ಮೈಕ್ ರ‍್ಯಾಪ್ ಬಿಟ್ಟು ಹಾಡಿದ್ದಾನೆ. ಬ್ರ್ಯಾಡ್ ಡೆಲ್ಸನ್ ಕೈಗೆ ಕೊನೆಗೂ ಗಿಟಾರ್ ಸೋಲೋ ಸಿಕ್ಕಿದೆ. (ಬೈಗುಳಕ್ಕೂ ಜಾಗ ಸಿಕ್ಕಿದೆ, ಮೊದಲ ಎರಡು ಆಲ್ಬಮ್‌ಗಳಲ್ಲಿ ಒಂದೂ ಇರಲಿಲ್ಲ. ಅಪ್ಪ ಅಮ್ಮನ ಎದುರು ಹಾಕೋಕಾಗ್ತಿದ್ದ ಲಿಂಕಿನ್ ಪಾರ್ಕ್ ಅಲ್ಲಿಗೆ ಮುಗೀತು.)

ಹಾಗಾದರೆ ಅಣ್ಣನ ಸಂಕಟ ಸುಳ್ಳೇ? ಅಲ್ಲ. ಏನೋ ಒಂದು ನಿಜವಾಗಿ ಕಳೆದುಹೋಗಿದೆ. ಆದರೆ ಅದರ ಹೆಸರು ರ‍್ಯಾಪ್ ಅಲ್ಲ ಅನ್ನೋದು ನನ್ನ ವಾದ.

ಇದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಕೊಡ್ತೀನಿ. ನಮ್ಮೂರು ಗೋರ್ಟಾ (ಬಿ), ಬಸವಕಲ್ಯಾಣದ ಕಡೆ, ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರ. ಈ ಕಡೆ ಕನ್ನಡದ ಗೀಗೀ ಪದ, ಆ ಕಡೆ ಮರಾಠಿ ಶಾಹಿರಿ, ಎರಡರಲ್ಲೂ ಕಲ್ಗಿ-ತುರಾ ಜಗಳ ಇದೆ. ಹರದೇಶಿಯವರು ಶಿವನ ಪಕ್ಷ, ನಾಗೇಶಿಯವರು ಶಕ್ತಿಯ ಪಕ್ಷ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಒಬ್ಬರು ಸವಾಲ್ ಹಾಕ್ತಾರೆ, ಇನ್ನೊಬ್ಬರು ಜವಾಬ್ ಕೊಡ್ತಾರೆ, ದಪ್ಪು ತುಂತುಣಿ ಜೊತೆಗೆ. ಅಲ್ಲಿ ಒಂದು ಮೇಳದ ದನಿ ಎಷ್ಟೇ ಚೆನ್ನಾಗಿರಲಿ, ಎದುರಿನ ಮೇಳ ಎದ್ದು ಹೋದರೆ ಜನ ಚಾಪೆ ಸುತ್ತಿಕೊಂಡು ಮನೆಗೆ ಹೋಗ್ತಾರೆ. ಜನ ಬಂದಿರೋದೇ ಜಗಳ ಕೇಳೋಕೆ.

'ಇನ್ ದ ಎಂಡ್' ಇನ್ನೊಮ್ಮೆ ಕೇಳಿ. ಮೈಕ್ ಲೆಕ್ಕ ಒಪ್ಪಿಸೋ ಹಾಗೆ ಮಾತಾಡ್ತಾನೆ, ಚೆಸ್ಟರ್‌ಗೆ ಲೆಕ್ಕ ಗೊತ್ತಿಲ್ಲ, ನೋವಷ್ಟೇ ಗೊತ್ತು. ಒಂದೇ ತಲೆಯೊಳಗಿನ ಎರಡು ದನಿ ಒಂದಕ್ಕೊಂದು ಉತ್ತರ ಕೊಡ್ತಿವೆ. ನಮ್ಮನ್ನು ಹಿಡಿದಿದ್ದು ಈ ಸವಾಲ್-ಜವಾಬ್. 'ನಂಬ್'ನಲ್ಲಿ ರ‍್ಯಾಪ್ ಇಲ್ಲದಿದ್ದರೂ ಯಾರಿಗೂ ಕೊರತೆ ಕಾಣಲಿಲ್ಲ, ಯಾಕಂದರೆ ಮೈಕ್ ಹಿಂದಿನಿಂದ ಸೇರಿಸೋ ಆ ಒಂದೆರಡು ಮಾತಿನಲ್ಲೇ ಜವಾಬ್ ಇತ್ತು. 'ಶ್ಯಾಡೋ ಆಫ್ ದ ಡೇ'ನಲ್ಲಿ ಜವಾಬ್ ಕೊಡೋರಿಲ್ಲ. ಚೆಸ್ಟರ್ ಚೆನ್ನಾಗೇ ಹಾಡ್ತಾನೆ, ಆದರೆ ಒಬ್ಬನೇ. ಆ ಹಾಡು ಯು2 ಥರ ಇದೆ ಅಂತ ಬೈದವರ ಜೊತೆ ನನ್ನದು ಜಗಳ ಇಲ್ಲ. 'ವ್ಯಾಲೆಂಟೈನ್ಸ್ ಡೇ' ನಾನು ಈಗಲೂ ಸ್ಕಿಪ್ ಮಾಡ್ತೀನಿ. ಜೋ ಹಾನ್ ಪಾಪ, ಅರ್ಧ ಆಲ್ಬಮ್ ಕೈಕಟ್ಟಿ ಕೂತ ಹಾಗೆ ಕೇಳುತ್ತೆ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಅವರು ಮಾಡಿದ್ದು ಸರಿ ಅಂತೀನಿ. ಕಾರಣ ಒಂದೇ ಹಾಡು, 'ಹ್ಯಾಂಡ್ಸ್ ಹೆಲ್ಡ್ ಹೈ'. ಹಿಂದೆ ಆರ್ಗನ್, ಸೈನ್ಯದ ಕವಾಯತಿನಂಥ ಡ್ರಮ್, ಗಿಟಾರಿನ ಗೋಡೆ ಇಲ್ಲವೇ ಇಲ್ಲ. ಅದರ ಮೇಲೆ ಮೈಕ್ ಇರಾಕ್ ಯುದ್ಧದ ಬಗ್ಗೆ, ಯುದ್ಧ ಮಾಡಿಸಿದ ದೊಡ್ಡವರ ಬಗ್ಗೆ ನಿಧಾನಕ್ಕೆ ರ‍್ಯಾಪ್ ಮಾಡ್ತಾನೆ. ಕೊನೆಗೆ ಎಲ್ಲರೂ ಸೇರಿ ಪ್ರಾರ್ಥನೆ ಥರ ದನಿಗೂಡಿಸ್ತಾರೆ. ಮೊದಲ ಎರಡು ಆಲ್ಬಮ್‌ಗಳಲ್ಲಿ ರ‍್ಯಾಪ್ ಇದ್ದದ್ದು ಟೆಂಪ್ಲೇಟಿನಲ್ಲಿ ಅದಕ್ಕೊಂದು ಖಾಲಿ ಜಾಗ ಇತ್ತು ಅಂತ. ಇಲ್ಲಿ ರ‍್ಯಾಪ್ ಇರೋದು ಆ ಮಾತನ್ನು ಬೇರೆ ಯಾವ ರೀತಿಯಲ್ಲೂ ಹೇಳೋಕಾಗಲ್ಲ ಅಂತ. ಕಡ್ಡಾಯ ತೆಗೆದ ಮೇಲೆ ಉಳಿದ ರ‍್ಯಾಪ್ ಇದು, ನನ್ನ ಮಟ್ಟಿಗೆ ಮೈಕ್ ಆ ಬ್ಯಾಂಡಿನಲ್ಲಿ ಮಾಡಿದ ಅತ್ಯುತ್ತಮ ರ‍್ಯಾಪ್. ಜೊತೆಗೆ ಕೊನೆಯ ಹಾಡು 'ದ ಲಿಟಲ್ ಥಿಂಗ್ಸ್ ಗಿವ್ ಯೂ ಅವೇ'. 2005ರ ಕತ್ರೀನಾ ಚಂಡಮಾರುತದ ಮೇಲೆ ಆರು ನಿಮಿಷ ದಾಟುವ ಹಾಡು. ಹಳೇ ಮೂರೂವರೆ ನಿಮಿಷದ ಡಬ್ಬಿಯಲ್ಲಿ ಇದನ್ನು ಹೇಗೆ ತುಂಬ್ತಿದ್ದರು?

ಅಂದ ಹಾಗೆ ನಮ್ಮ ರಘು ದೀಕ್ಷಿತ್ ಈ ವಿಷಯದಲ್ಲಿ ಜಾಣ. 2008ರ ಮೊದಲ ಆಲ್ಬಮ್ಮಿಗೂ 2013ರ 'ಜಗ್ ಚಂಗಾ'ಕ್ಕೂ ನಡುವೆ ವಾದ್ಯ, ಜೊತೆಗಾರರು ಎಲ್ಲ ಬದಲಾದರು. ಆದರೆ ಮೊದಲನೆಯದರಲ್ಲಿ 'ಗುಡುಗುಡಿಯಾ' ಇದ್ದ ಹಾಗೆ ಎರಡನೆಯದರಲ್ಲಿ 'ಲೋಕದ ಕಾಳಜಿ' ಇತ್ತು. ಶರೀಫಜ್ಜನ ಕೈ ಬಿಡಲಿಲ್ಲ. ಹಿಡ್ಕೊಳ್ಳೋಕೆ ಒಂದು ಹಗ್ಗ ಕೊಟ್ಟರೆ ಜನ ಹೊಳೆ ದಾಟ್ತಾರೆ. ಲಿಂಕಿನ್ ಪಾರ್ಕ್ 2007ರಲ್ಲಿ ಹಗ್ಗಾನೂ ಬಿಚ್ಚಿಬಿಟ್ಟರು, ಕೋಪ ಬಂದದ್ದು ಅದಕ್ಕೇ ಇರಬೇಕು.

ಕೋಪಕ್ಕೂ ಒಂದು ಮಿತಿ ಬೇಡವಾ ಅನ್ನೋದು ನನ್ನ ತಕರಾರು. 2017ರ ಮೇ ತಿಂಗಳಲ್ಲಿ 'ಒನ್ ಮೋರ್ ಲೈಟ್' ಬಂದಾಗಲೂ ಜನ ಅದೇ ಹಳೇ ಹಾಡು ಹಾಡಿದರು. ಹದಿನೇಳು ವರ್ಷ ಆದ ಮೇಲೂ 'ಹೈಬ್ರಿಡ್ ಥಿಯರಿ'ಗೆ ಅಂಟಿಕೊಂಡವರ ಮೇಲೆ ಚೆಸ್ಟರ್ ಆಗ ಸಂದರ್ಶನಗಳಲ್ಲಿ ಸಿಟ್ಟು ಮಾಡಿಕೊಂಡಿದ್ದ. ಜುಲೈ 20ಕ್ಕೆ ಅವನು ಇರಲಿಲ್ಲ. ಇದಕ್ಕೂ ಅದಕ್ಕೂ ಗಂಟು ಹಾಕ್ತಿಲ್ಲ, ಹಾಕಲೂಬಾರದು. ಆದರೆ ಆ ಆಲ್ಬಮ್ಮನ್ನು ಬೈದವರೇ ಮರುವಾರ ಅದರ ಶೀರ್ಷಿಕೆ ಗೀತೆಯನ್ನು ಸ್ಟೇಟಸ್ ಹಾಕಿ ಅತ್ತದ್ದನ್ನು ನಾನು ಹಾಸ್ಟೆಲ್ಲಿನಲ್ಲೇ ನೋಡಿದ್ದೀನಿ. ಹಾಡು ಬದಲಾಗಿರಲಿಲ್ಲ.

2024ರ ನವೆಂಬರಿನಲ್ಲಿ 'ಫ್ರಮ್ ಜೀರೋ' ಬಂತು. ಚೆಸ್ಟರ್ ಜಾಗದಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಅನ್ನೋ ಹೆಣ್ಣುಮಗಳು. 'ದ ಎಂಪ್ಟಿನೆಸ್ ಮಷೀನ್'ನಲ್ಲಿ ಮೊದಲು ಮೈಕ್ ಹಾಡ್ತಾನೆ, ರ‍್ಯಾಪ್ ಅಲ್ಲ, ಹಾಡೇ. ಆಮೇಲೆ ಎಮಿಲಿ ಬರ್ತಾಳೆ, ಬಂದವಳೇ ಅವನ ಪಲ್ಲವಿ ಕಿತ್ತುಕೊಳ್ತಾಳೆ. ಹರದೇಶಿ-ನಾಗೇಶಿ! ರ‍್ಯಾಪ್ ಇಲ್ಲ ಅಂತ ಅಣ್ಣ ಈ ಹಾಡಿಗೆ ಒಂದು ಮಾತೂ ಅಂದಿಲ್ಲ, ದಿನಾ ಕಾರಿನಲ್ಲಿ ಹಾಕ್ತಾನೆ.

'ಹ್ಯಾಂಡ್ಸ್ ಹೆಲ್ಡ್ ಹೈ' ಕೇಳದೇ ಇದ್ದವರು ಇವತ್ತು ರಾತ್ರಿ ಕೇಳಿ. ಫೋನಿನ ಸ್ಪೀಕರಲ್ಲಿ ಬೇಡ, ಹೆಡ್‌ಫೋನ್ ಹಾಕ್ಕೊಳ್ಳಿ. ಆಮೇಲೆ ಜಗಳಕ್ಕೆ ಬನ್ನಿ, ಕಾಮೆಂಟಿನಲ್ಲಿ ಕಾಯ್ತಿರ್ತೀನಿ.