ಗಂಟು ಇಪ್ಪದು ಹೊರಲೆ, ಇಡಲೆ ಅಲ್ಲ

ಮಳೆ ಕಳದ ಮೇಲೆ ಪೆಟ್ಟಿಗೆಲಿದ್ದ ರೇಷ್ಮೆ ಸೀರೆ ತೆಗ್ದು ಗಾಳಿಗೆ ಹಾಕದು ಎಲ್ಲರ ಮನೆಲೂ ಇದ್ದಿದ್ದೇ. ಕಾಯ್ಕಿಣಿ ಮಳೆ, ಸಮುದ್ರದ ಥಂಡಿ ಗಾಳಿ, ಎರಡೂ ಸೇರಿರೆ ಬೀಗ ಹಾಕಿದ ಪೆಟ್ಟಿಗೆ ಒಳಗೂ ಬೂಸ್ಲು ಬತ್ತು. ಈ ಸಲ ಯಮ್ಮನೆ ಜಗಲಿಲಿ ಸೀರೆ ಜೊತಿಗೆ ಹತ್ತು ಫ್ಲಾಪಿನೂ ಹರಗಿದ್ದಿ. ಆಚೆಮನೆ ಅಕ್ಕ ಕಂಡು, "ಇದೆಂತದೇ ತಂಗಿ, ಹಪ್ಪಳ ಬಿಟ್ಟು ಫ್ಲಾಪಿ ಒಣಗ್ಸಲೆ ಹಿಡದ್ಯ?" ಹೇಳಿ ನೆಗ್ಯಾಡ್ಚು. ಯಂಗೂ ನೆಗೆ ಬಂತು. ಆದ್ರೆ ಕತೆ ಪೂರ್ತಿ ಕೇಳಿದ ಮೇಲೆ ಅಕ್ಕನೂ ಸುಮ್ನಾತು. ನಿಂಗಳಿಗೂ ಹೇಳ್ತಿ.

ಬಪ್ಪ ವೈಶಾಖಕ್ಕೆ ಮಗಳ ಮದುವೆ. ಹಸೆಗೆ ಕರೆಯೋ ಹಾಡು, ಆರತಿ ಹಾಡು, ಹೆಣ್ಣು ಒಪ್ಪಿಸೋ ಹಾಡು ಇದ್ನೆಲ್ಲ ಯಮ್ಮನೆ ಅತ್ತೆ ಹೇಳಿದಾಂಗೆ ಹೇಳೋರು ಈಗ ಊರಲ್ಲಿ ಕಮ್ಮಿ. ಅತ್ತೆ 2011ರಲ್ಲಿ ತೀರ್ಕಂಡ್ತು. ಆದ್ರೆ ಅದ್ರ ಹಾಡು ಎಲ್ಲೋ ಇದ್ದು ಹೇಳದು ಯಂಗೆ ಗೊತ್ತಿತ್ತು. 2002ರ ದೀಪಾವಳಿಗೆ ಮೈದುನ ಬೆಂಗಳೂರಿಂದ ಬಂದವ, ಮಾಣಿ ಕಲ್ತ್ಕಳ್ಳಿ ಹೇಳಿ ತಂದಿದ್ದ ವಿಂಡೋಸ್ 98ರ ಕಂಪ್ಯೂಟರಿಗೆ ಮೈಕು ಸಿಕ್ಸಿ, ಅತ್ತೆ ಹತ್ರ ಏಳು ಹಾಡು ಹೇಳ್ಸಿದ್ದ. ಅತ್ತೆಗೆ ಮೈಕು ಕಂಡ್ರೆ ಹೆದ್ರಿಕೆ. "ಕೈ ಸುಮ್ನಿದ್ರೆ ಬಾಯಿ ಬತ್ತಿಲ್ಲೆ" ಹೇಳಿ ದೀಪದ ಬತ್ತಿ ಹೊಸಿತಾ ಕೂತ್ಕಂಡೇ ಏಳನ್ನೂ ಹೇಳಿತ್ತು. ಒಂದೊಂದೂ ಹತ್ರ ಹತ್ರ ನಾಲ್ಕು ನಿಮಿಷ.

ಆವಾಗಿನ ಕಂಪ್ಯೂಟರಿಗೆ ಜಾಗದ್ದೇ ತಾಪತ್ರಯ. ರೆಕಾರ್ಡು ಮಾಡಿದ ಧ್ವನಿನ ಹಾಂಗೇ ಇಟ್ರೆ ವೇವ್ ಹೇಳ ಫೈಲು ಆಗ್ತು. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ 10 ಎಂಬಿ. ಒಂದು ಫ್ಲಾಪಿಲಿ ಹಿಡಿತಿದ್ದದ್ದು 1.44 ಎಂಬಿ. ಒಂದೇ ಹಾಡಿಗೆ ಮೂವತ್ತರ ಹತ್ರ ಫ್ಲಾಪಿ ಬೇಕಾಗ್ತಿತ್ತು! ಅದ್ಕಾಗಿ ಮೈದುನ ಹಾಡನ್ನೆಲ್ಲ ಎಂಪಿ3 ಮಾಡ್ದ. ಇದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವ್ರು ಮುಂದೆ ನಿಂತು ಮಾಡಿದ ವಿದ್ಯೆ. ಎಂಪಿ3 ಹೇಳಿ ಹೆಸರು ಬಂದದ್ದು 1995ರಲ್ಲಿ. ಗುಟ್ಟು ಕಷ್ಟದ್ದಲ್ಲ. ಯಕ್ಷಗಾನದಲ್ಲಿ ಚಂಡೆ ಜೋರಾಗಿ ಬಡಿವಾಗ ಪಕ್ಕದವ್ರು ಪಿಸುಗುಟ್ಟಿದ್ದು ನಮ್ಮ ಕಿವಿಗೆ ಬತ್ತಿಲ್ಲೆ ಅಲ್ದಾ? ಹಾಂಗೆ ದೊಡ್ಡ ಧ್ವನಿ ಅಡಿಗೆ ಮುಚ್ಚಿ ಹೋಪ ಸಣ್ಣ ಧ್ವನಿನ ಬಿಟ್ಟು, ಮನುಷ್ಯರ ಕಿವಿಗೆ ಬೇಕಾದಷ್ಟನ್ನ ಮಾತ್ರ ಇಟ್ಕಳದು. ಹೀಂಗೆ ಏಳೂ ಹಾಡು ಸೇರಿ 13 ಎಂಬಿ ಆತು.

ಯಮ್ಮನೆ ಕಂಪ್ಯೂಟರಲ್ಲಿ ಸಿಡಿ ಬರೆಯ ಸೌಲಭ್ಯ ಇತ್ತಿಲ್ಲೆ. ಬೆಂಗಳೂರಿಗೆ ತಗಂಡು ಹೋಪದು ಹ್ಯಾಂಗೆ? ಜಿಪ್ ಮಾಡಿ ಹತ್ತು ಫ್ಲಾಪಿಗೆ ಹಂಚ್ದ. ಜಿಪ್ ಹೇಳಿರೆ ಫೈಲುಗಳ ಗಂಟು. ಅಮೆರಿಕದ ಫಿಲ್ ಕಾಟ್ಜ್ 1989ರಲ್ಲಿ ಮಾಡಿದ್ದು. ಅದು ಗಂಟೂ ಕಟ್ತು, ಹಿಂಡಿ ಸಣ್ಣನೂ ಮಾಡ್ತು. ಆದ್ರೆ ಎಂಪಿ3 ಮೊದಲೇ ಹಿಂಡಿದ್ದು. ಹಿಂಡಿದ ಬಟ್ಟೆನ ಮತ್ತೆ ಹಿಂಡಿರೆ ಎಷ್ಟು ನೀರು ಬತ್ತು? ಗಾತ್ರ ಎಂತೂ ಇಳದ್ದಿಲ್ಲೆ, ಗಂಟು ಮಾತ್ರ ಬಿಗಿ ಆತು.

ಫ್ಲಾಪಿ ಬೆಂಗಳೂರಿಗೆ ಹೋಗಿ ಕಪಾಟು ಸೇರ್ಚು. ಊರಲ್ಲಿ ಅಸಲು ಇದ್ದಲಿ ಹೇಳಿ ಅವ ಗಂಟು ಬಿಚ್ಚಿದ್ನೇ ಇಲ್ಲೆ. ಬೆಂಗಳೂರಲ್ಲಿ ಇದ್ದಲಿ ಹೇಳಿ ಯಂಗ ಇಲ್ಲಿ ನಿಶ್ಚಿಂತೆ. 2004ರ ಮಳೆಗಾಲದಲ್ಲಿ ಸಿಡಿಲು ಬಡ್ದು ಊರಿನ ಕಂಪ್ಯೂಟರು ಸುಟ್ಟು ಹೋತು. ಮೈದುನ ಮನೆ ಬದಲ್ಸಕಾರೆ ಫ್ಲಾಪಿ ಡಬ್ಬಿ ತಿರುಗಿ ಊರಿಗೆ ಬಂದು ಅಟ್ಟ ಹತ್ತಿತ್ತು.

ಮೊನ್ನೆ ಮಾಣಿ ಯುಎಸ್‌ಬಿಗೆ ಸಿಕ್ಸೋ ಫ್ಲಾಪಿ ಡ್ರೈವು ತರ್ಸಿದ. ಒಂದನೇ ಫ್ಲಾಪಿ ಹಾಕಿರೆ, ಮೊದ್ಲು ಕಡೇ ಫ್ಲಾಪಿ ಹಾಕಿ ಹೇಳಿ ಕೇಳ್ಚು. ಈ ಗಂಟಿನಲ್ಲಿ ಎಂತೆಂತ ಇದ್ದು ಹೇಳ ಪಟ್ಟಿ ಕಡೆಗೆ ಇರ್ತಡ. ಮದುವೆ ಸಾಮಾನಿನ ಪಟ್ಟಿನ ಕಡೇ ಚೀಲದಲ್ಲಿ ಇಟ್ಟಾಂಗೆ. ಹತ್ತನೇದು ಓದ್ತು. ಒಂದರಿಂದ ಐದೂ ಓದ್ತು. ಆರನೇದು ಕರ್ ಕರ್ ಹೇಳ್ಚು, ಮುಂದೆ ಹೋಗ್ಲೇ ಇಲ್ಲೆ. ಮುಚ್ಚಳ ಸರಿಸಿ ನೋಡಿರೆ ಒಳಗಿನ ಕಪ್ಪು ತಟ್ಟೆ ಮೇಲೆ ಬೆಳ್ಳಗೆ ಬೂಸ್ಲು.

ಹಾಳಾದದ್ದು ಒಂದು ಫ್ಲಾಪಿ, ಪೆಟ್ಟು ಬಿದ್ದದ್ದು ಎರಡು ಹಾಡಿಗೆ. ನಾಲ್ಕನೇ ಹಾಡು ಮೂರು ನಿಮಿಷ ಬಂದು ಮಧ್ಯ ನಿಂತು ಹೋತು. ಐದನೇದರ ಶುರು ಆರನೇ ಫ್ಲಾಪಿಲಿ, ಕಡೇ ಭಾಗ ಏಳನೇದ್ರಲ್ಲಿ. ಏಳನೇದು ಚೆನ್ನಾಗಿದ್ರೂ ಆ ಹಾಡು ಒಂದು ಅಕ್ಷರನೂ ಬೈಂದಿಲ್ಲೆ. ಎಂತಕ್ಕೆ? ನಮ್ಮ ಹಾಡಿನ ಪಟ್ಟಿಲಿ ಪಲ್ಲವಿನ ಒಂದೇ ಸಲ ಪೂರ್ತಿ ಬರೀತ್ಯ, ಆಮೇಲೆ ಬರೀ "ಪ" ಹೇಳಿ ಬರ್ದು ಬಿಡ್ತ್ಯ. ಜಿಪ್ ಹಿಂಡದೂ ಹಾಂಗೇ, "ಹಿಂದೆ ಹೇಳಿದ್ದನ್ನೇ ಮತ್ತೆ ಓದು" ಹೇಳಿ ಗುರುತು ಹಾಕ್ತು. ಮೊದಲ ಪುಟನೇ ಹರ್ದು ಹೋದ್ರೆ ಆಚಿನ "ಪ"ಕ್ಕೆ ಎಂತ ಅರ್ಥ? ಎಂಪಿ3 ಹಾಂಗಲ್ಲ. ಅದು ಸೆಕೆಂಡಿಗೆ ಸುಮಾರು 38 ಸಣ್ಣ ಸಣ್ಣ ತುಂಡು, ಹಲಸಿನ ತೊಳೆಯಾಂಗೆ. ನಾಲ್ಕು ಕೊಳೆತ್ರೂ ಉಳಿದದ್ದು ತಿನ್ಲಕ್ಕು. ಗಂಟು ಕಟ್ಟದೇ ಇದ್ದಿದ್ರೆ ಐದನೇ ಹಾಡಿನ ಕಡೇ ಒಂದೂವರೆ ನಿಮಿಷನಾದ್ರೂ ಕಿವಿಗೆ ಬೀಳ್ತಿತ್ತು.

ಇದ್ಕಿಂತ ಬೇಜಾರಿನ ಸಂಗತಿ ಎಂತ ಗೊತ್ತಿದ್ದಾ? ಹೋದದ್ದು ಯಾವ ಹಾಡು ಹೇಳದೇ ಗೊತ್ತಿಲ್ಲೆ. ಫೈಲಿನ ಹೆಸರು ಬರೀ "ಹಾಡು 1", "ಹಾಡು 2" ಹೇಳಿ. ನಾದಿನಿ ಅದು ಬೀಗರ ಹಾಡು ಹೇಳ್ತು. ಯಂಗೆ ಹೆಣ್ಣು ಒಪ್ಪಿಸೋ ಹಾಡು ಹೇಳಿ ಅನುಮಾನ, ಸಿಕ್ಕಿದ್ರಲ್ಲಿ ಅದೊಂದು ಇಲ್ಲೆ. ಹೇಳ್ಸಿದ ಮೈದುನಂಗೇ ನೆನಪಿಲ್ಲೆ.

ಆನು ಅವನ ಹತ್ರ ಸುಮಾರು ಸಿಟ್ಟು ಮಾಡಿದಿ. ಅವ ಹೇಳ್ದ, "ಅತ್ಗೆ, ಒಂದು ಹಾಡೇ ಒಂದು ಫ್ಲಾಪಿಗೆ ಹಿಡೀತಿತ್ತಿಲ್ಲೆ. ಗಂಟು ಕಟ್ಟಿ ಹಂಚದೇ ಬೇರೆ ದಾರಿ ಇತ್ತಾ?" ಅದು ಖರೆ. ಅವತ್ತು ಗಂಟು ಕಟ್ಟಿದ್ದು ತಪ್ಪಲ್ಲ. ಮುಟ್ಟಿದ ಮೇಲೆ ಬಿಚ್ಚದೇ ಇದ್ದದ್ದು ತಪ್ಪು. ನಂಗ ತವರಿಗೆ ಹೋಪಕಾರೆ ಗಂಟು ಕಟ್ತ್ಯ. ಹೋದ ಮೇಲೂ ಬಿಚ್ಚದೇ ಮೂಲೆಲಿ ಇಟ್ರೆ ಒಳಗಿನ ಹೋಳಿಗೆ ಗತಿ ಎಂತ? ಗಂಟು ಇಪ್ಪದು ಹೊರಲೆ, ಇಡಲೆ ಅಲ್ಲ.

ಇದು ಯನ್ನ ಒಬ್ಬಳ ಮಾತಲ್ಲ. ಮಾಣಿಗೆ ಹಳೇ ಕಂಪ್ಯೂಟರಿನ ಮಳ್ಳು. ಅವ ಹೇಳಿದ್ದು: 1982ರಲ್ಲಿ ಕಮೋಡೋರ್ 64 ಹೇಳ ಮನೆ ಕಂಪ್ಯೂಟರು ಬಂತು. ಅದ್ಕೆ ಮೂರೇ ಸ್ವರ ಒಟ್ಟಿಗೆ ನುಡಿಸೋ ಸಿಡ್ ಹೇಳ ಚಿಪ್ಪು. ಅದ್ರ ಸಂಗೀತದ ಫೈಲಲ್ಲಿ ಧ್ವನಿನೇ ಇರ್ತಿಲ್ಲೆ, ಹ್ಯಾಂಗೆ ನುಡಿಸವು ಹೇಳ ಸೂಚನೆ ಮಾತ್ರ. 1987ರಲ್ಲಿ ಅಮಿಗಾ ಕಂಪ್ಯೂಟರಿಗೆ ಬಂದ ಮಾಡ್ ಫೈಲಲ್ಲಿ ಸೂಚನೆ ಜೊತಿಗೆ ವಾದ್ಯದ ಧ್ವನಿಯ ಚೂರೂ ಇರ್ತು, ಅಡಿಗೆ ಬರ್ದ ಚೀಟಿ ಜೊತಿಗೆ ಸಾಂಬಾರ ಪುಡಿ ಪೊಟ್ಟಣ ಕಟ್ಟಿ ಕೊಟ್ಟಾಂಗೆ. ಆ ಕಂಪ್ಯೂಟರೆಲ್ಲ ಗುಜರಿಗೆ ಹೋದ್ರೂ ಅದ್ರ ಹಾಡು ಉಳದ್ದು. ಸಿಡ್ ಸಂಗೀತನ ದೇಶ ದೇಶದ ಜನ 1996ರಿಂದ ಒಂದು ಕಡೆ ಸೇರಿಸ್ತಾ ಇದ್ದ. 50,000ಕ್ಕೂ ಹೆಚ್ಚು ಇದ್ದು. ತಗಂಬಾಗ ಒಂದೇ ಗಂಟು, ಬಿಚ್ಚಿರೆ ಒಂದೊಂದೂ ಬೇರೆ ಬೇರೆ. ಹಾಡಿನ ಹೆಸರು, ಮಾಡಿದವ್ರ ಹೆಸರು, ವರ್ಷ ಆ ಫೈಲಿನ ಒಳಗೇ ಬರದ್ದು. ಆಟದ ಸಂಗೀತಕ್ಕೆ ಇಷ್ಟು ಮುತುವರ್ಜಿ ಇದ್ದು. ನಮ್ಮ ಅತ್ತೆ, ಅಮ್ಮಮ್ಮಂದಿರ ಹಾಡಿಗೆ "ಹಾಡು 5" ಹೇಳಿ ಹೆಸರು!

ಹಾಂಗಾಗಿ ನಿಂಗಳ ಹತ್ರ ಕೇಳದು ಇಷ್ಟು. ಈ ಸಲ ಸೀರೆ ತೆಗಿಯಕಾರೆ ಹಳೇ ಸಿಡಿ, ಪೆನ್‌ಡ್ರೈವು, ಫೋನು ಎಲ್ಲ ತೆಗ್ದು ಒಂದ್ಸಲ ಹಾಕಿ ಕೇಳಿ. ಜಿಪ್ ಇದ್ರೆ ಬಿಚ್ಚಿ, ಒಂದೊಂದೇ ಎಂಪಿ3 ಮಾಡಿ ಎರಡು ಕಡೆ ಇಡಿ. ಯಾರು ಹೇಳಿದ್ದು, ಯಾವ ಹಾಡು, ಯಾರ ಮನೆ ಮದುವೆಲಿ, ಯಾವ ವರ್ಷ ಹೇಳಿ ಹೆಸರಲ್ಲೇ ಬರ್ದಿಡಿ. ಮಕ್ಕ ಮಾಡಿಕೊಡ್ತ ಹೇಳಿ ಕಾಯಡಿ, ಅರ್ಧ ಗಂಟೆ ಕೆಲಸ.

ನಾಲ್ಕನೇ ಹಾಡಿನ ಕತೆ ಒಂದು ಉಳತ್ತು. ಫೋನಲ್ಲಿ ಅತ್ತೆ ಧ್ವನಿ ಮಧ್ಯ ನಿಂತಾಗ, ಕೇಳ್ತಾ ಕೂತಿದ್ದ ಆಚೆಮನೆ ಅಕ್ಕ ತನ್ನಷ್ಟಕ್ಕೇ ಮುಂದಿನ ಸಾಲು ಹಿಡದು ಕಡೇ ವರೆಗೂ ಹೇಳ್ಚು. ಅತ್ತೆ ಜೊತಿಗೆ ಎಷ್ಟು ಮದುವೆಲಿ ಕೂತಿತ್ತೋ! ಮಗಳು ಆಗಿಂದಾಗ್ಲೇ ಅದನ್ನ ಫೋನಿಗೆ ಹಿಡ್ಕಂಡ್ತು, ಹೆಸರು ಹಾಕಿ.

ಐದನೇದು ಇನ್ನೂ ಸಿಕ್ಕಿದ್ದಿಲ್ಲೆ. ಅತ್ತೆ ಜೊತಿಗೆ ಹೆಣ್ಣು ಒಪ್ಪಿಸೋ ಹಾಡು ಹೇಳಿದವ್ರು ನಿಂಗಳಲ್ಲಿ ಯಾರಾದ್ರೂ ಇದ್ರೆ ವೈಶಾಖದ ಒಳಗೆ ಒಂದಿನ ಯಮ್ಮನೆಗೆ ಬನ್ನಿ. ಆಸ್ರಿಗೆ ಮಾಡಿಟ್ಟಿರ್ತಿ. ಕೈ ಸುಮ್ನಿದ್ರೆ ಬಾಯಿ ಬತ್ತಿಲ್ಲೆ ಹೇಳೋರಿಗೆ ಹತ್ತಿನೂ ಇದ್ದು, ಬತ್ತಿ ಹೊಸಿಲಕ್ಕು.